ಬೇಲಿಹಕ್ಕಿಯ ದಾಯಾದಿ

ಹಿಮಾಚಲದ ರಾಂಪುರದಲ್ಲಿ ರೂಮು ಸಿಗಲಿಲ್ಲ. ತಪ್ಪು ನನ್ನದೇ. ನವೆಂಬರ್ 11ರಿಂದ 14ರವರೆಗೆ ಅಲ್ಲಿ ಲವೀ ಮೇಳ. ಬುಶಹರ್ ಅರಸರು ಟಿಬೆಟ್ಟಿನೊಡನೆ ವ್ಯಾಪಾರದ ಒಪ್ಪಂದ ಮಾಡಿಕೊಂಡ ಕಾಲದಿಂದ ನಡೆದುಬಂದ ಜಾತ್ರೆ ಅದು. ಕಿನ್ನೌರಿನ ಕಡೆಯಿಂದ ಉಣ್ಣೆ, ಪಟ್ಟು, ಒಣ ಏಪ್ರಿಕಾಟು, ಚಿಲ್ಗೋಜಾ ಎಂಬ ಪೈನ್ ಬೀಜ ಹೊತ್ತು ಜನ ಇಳಿದು ಬರುತ್ತಾರೆ. ಇದೆಲ್ಲ ಗೊತ್ತಿದ್ದೂ ನಾನು 12ರ ಸಂಜೆ ಬಸ್ಸಿನಿಂದ ಇಳಿದೆ. ಏಕೆಂದರೆ ನನಗೆ 13ನೇ ತಾರೀಖೇ ಬೇಕಿತ್ತು. ಕೊನೆಗೆ ಒಂದು ಢಾಬಾದ ಮೇಲಿನ ಅಟ್ಟದಲ್ಲಿ, ಚಿಲ್ಗೋಜಾ ಮೂಟೆಗಳ ಪಕ್ಕ ಹಾಸಿಗೆ ಕೊಟ್ಟರು. ಢಾಬಾದವರು ವಿಚಾರಿಸಿದರು: ಶಾಲು ಕೊಳ್ಳಲು ಬಂದಿರಾ, ಕುದುರೆ ಕೊಳ್ಳಲೋ? ಒಂದು ಹಕ್ಕಿ ನೋಡಲು ಅಂದೆ. ಯಾವ ಹಕ್ಕಿ? ಫೋನಿನಲ್ಲಿ ಚಿತ್ರ ತೋರಿಸಿದೆ. ಮಣ್ಣುಬಣ್ಣದ, ಗುಬ್ಬಿಗಿಂತ ತೆಳ್ಳನೆಯ, ಒಂದು ಪಟ್ಟೆಯೂ ಇಲ್ಲದ, ಒಂದು ಚುಕ್ಕಿಯೂ ಇಲ್ಲದ ಹಕ್ಕಿ. ಅವರು ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು, "ಇದಕ್ಕಾ?" ಅಂದರು. ನನ್ನ ಹೆಂಡತಿಯೂ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಿಡುವಾಗ ಇದೇ ಮಾತನ್ನು ಇದೇ ಧಾಟಿಯಲ್ಲಿ ಕೇಳಿದ್ದಳು.

ಕಥೆ ಶುರುವಾಗುವುದು ಹಾಸನದ ಹತ್ತಿರದ ನಮ್ಮ ಮನೆಯ ಬೇಲಿಯಲ್ಲಿ. ದಾಸವಾಳ, ಲಂಟಾನ, ಮಧ್ಯೆ ಮಧ್ಯೆ ಕಳ್ಳಿ ಸೇರಿಕೊಂಡು ಆಳೆತ್ತರ ಬೆಳೆದ ಬೇಲಿ. ಗಣೇಶನ ಹಬ್ಬದ ಆಚೀಚೆ ಅದರೊಳಗಿನಿಂದ ಒಂದು ಸದ್ದು ಶುರುವಾಗುತ್ತದೆ: ಚಕ್... ಚಕ್... ಬೆಳಗ್ಗೆ ಹಲ್ಲುಜ್ಜುವಾಗ ಚಕ್, ಸಂಜೆ ಕೊತ್ತಂಬರಿ ಕೀಳಲು ಹೋದರೆ ಚಕ್. ಯಾರೋ ನಮ್ಮ ಕೆಲಸ ನೋಡಿ ಸರಿಯಾಗಲಿಲ್ಲವೆಂದು ಬಾಯಿ ಲೊಚಗುಟ್ಟಿದ ಹಾಗೆ. ಅಮ್ಮ ಅದಕ್ಕೆ ಅತ್ತೆಹಕ್ಕಿ ಎಂದು ಹೆಸರಿಟ್ಟಿದ್ದಳು. ಕಣ್ಣಿಗೆ ಬೀಳುವುದು ಅಪರೂಪ, ತಪ್ಪು ಹುಡುಕುವುದು ಮಾತ್ರ ನಿಲ್ಲುವುದಿಲ್ಲ. ಏಪ್ರಿಲ್ ಕೊನೆಗೆ, ಮೊದಲ ಮಳೆಗಳ ಹೊತ್ತಿಗೆ, ಒಂದು ದಿನ ಸದ್ದು ಇರುವುದಿಲ್ಲ. ನಿಂತದ್ದು ಯಾವತ್ತು ಎಂದು ಯಾರೂ ಗಮನಿಸಿರುವುದಿಲ್ಲ.

ಪುಸ್ತಕದ ಹೆಸರು ಬ್ಲೈತ್ಸ್ ರೀಡ್ ವಾರ್ಬ್ಲರ್. ವಾರ್ಬ್ಲರಿಗೆ ಕನ್ನಡದ ಹಕ್ಕಿಗಾರರು ಉಲಿಯಕ್ಕಿ ಎನ್ನುವುದರಿಂದ ಬ್ಲೈತನ ಜೊಂಡು ಉಲಿಯಕ್ಕಿ ಎನ್ನಬಹುದು. ಆದರೆ ಜೊಂಡಿಗೂ ಇದಕ್ಕೂ ನಂಟು ಕಡಿಮೆ. ಕೆರೆಯ ಜೊಂಡಿನಲ್ಲಿ ಕೂರುವುದು ಇದರ ನೆಂಟರು. ಇದಕ್ಕೆ ಬೇಲಿ, ಪೊದೆ, ತೋಟದ ಅಂಚು ಸಾಕು. ಹೆಸರಿಟ್ಟ ಎಡ್ವರ್ಡ್ ಬ್ಲೈತನಿಗೂ ಅದು ಗೊತ್ತಿತ್ತು. 1841ರಿಂದ ಎರಡು ದಶಕ ಕೋಲ್ಕತ್ತದ ಏಷ್ಯಾಟಿಕ್ ಸೊಸೈಟಿಯ ಸಂಗ್ರಹಾಲಯ ನೋಡಿಕೊಂಡ ಆತ 1849ರಲ್ಲಿ ಇದಕ್ಕೆ ಅಕ್ರೊಸೆಫಾಲಸ್ ಡ್ಯುಮೆಟೋರಮ್ ಎಂದು ನಾಮಕರಣ ಮಾಡಿದ. ಡ್ಯುಮೆಟೋರಮ್ ಎಂದರೆ ಮುಳ್ಳುಪೊದೆಗಳದ್ದು. ನಾನಾದರೆ ನೇರವಾಗಿ ಬೇಲಿಹಕ್ಕಿ ಎಂದುಬಿಡುತ್ತೇನೆ.

ಒಂದು ಜನವರಿಯ ಬೆಳಗ್ಗೆ ಅದು ಕಿಟಕಿಯ ಗಾಜಿಗೆ ಬಡಿದು ಜಗಲಿಯ ಮೇಲೆ ಬಿತ್ತು. ಎತ್ತಿಕೊಂಡೆ. ಇಷ್ಟು ವರ್ಷ ಸದ್ದಾಗಿದ್ದದ್ದು ಈಗ ಅಂಗೈಯಲ್ಲಿ ಬಿಸಿಯಾಗಿ ಕೂತಿತ್ತು, ಎದೆ ಹೊಲಿಗೆ ಯಂತ್ರದ ಸೂಜಿಯಂತೆ ಓಡುತ್ತಿತ್ತು. ಅಮ್ಮನ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 11 ಗ್ರಾಂ. ಎರಡು ಚಮಚ ಸಕ್ಕರೆಯ ತೂಕ. ಬೆನ್ನು ಎಣ್ಣೆ ಇಂಗಿದ ಮಣ್ಣಿನ ಬಣ್ಣ, ಹೊಟ್ಟೆ ಮಾಸಲು ಬಿಳಿ, ಕಣ್ಣಿನ ಮುಂದೆ ಒಂದು ಚಿಕ್ಕ ತಿಳಿಗೆರೆ, ಹಣೆಯಿಂದ ಇಳಿಜಾರಾಗಿ ಬಂದು ಸೇರುವ ಉದ್ದ ಕೊಕ್ಕು. ಅಷ್ಟೇ. ರಟ್ಟಿನ ಪೆಟ್ಟಿಗೆಯಲ್ಲಿ ಅರ್ಧ ಗಂಟೆ ಕತ್ತಲಲ್ಲಿಟ್ಟು ಬಿಟ್ಟಾಗ ನೇರ ದಾಸವಾಳದೊಳಗೆ ನುಗ್ಗಿ, ಒಳಗಿನಿಂದ ಚಕ್ ಅಂದಿತು. ಕೃತಜ್ಞತೆಯ ಚಕ್ ಅಲ್ಲ, ಅದೇ ಹಳೆಯ ಚಕ್.

ಅವತ್ತು ರಾತ್ರಿ ಇದರ ಬಗ್ಗೆ ಓದುತ್ತ ಕೂತಾಗಲೇ ಅದರ ದಾಯಾದಿಯ ಹೆಸರು ಕಂಡದ್ದು. ಲಾರ್ಜ್-ಬಿಲ್ಡ್ ರೀಡ್ ವಾರ್ಬ್ಲರ್, ಅಂದರೆ ದೊಡ್ಡಕೊಕ್ಕಿನ ಉಲಿಯಕ್ಕಿ. ಅಕ್ರೊಸೆಫಾಲಸ್ ಒರಿನಸ್. ಮನುಷ್ಯರ ಕೈಗೆ ಮೊದಲು ಸಿಕ್ಕ ಒಂದೇ ಒಂದು ಹಕ್ಕಿ ಬಂದದ್ದು ಸಟ್ಲೆಜ್ ಕಣಿವೆಯಿಂದ, ರಾಂಪುರದ ಹತ್ತಿರದಿಂದ, 1867ರ ನವೆಂಬರ್ 13ರಂದು. ಸಂಗ್ರಹಿಸಿದಾತ ಅಲನ್ ಆಕ್ಟೇವಿಯನ್ ಹ್ಯೂಮ್. ಶಾಲೆಯ ಚರಿತ್ರೆ ಪಾಠದಲ್ಲಿ ಕಾಂಗ್ರೆಸ್ ಸ್ಥಾಪಕನೆಂದು ಒಂದು ಅಂಕಕ್ಕೆ ಉರು ಹೊಡೆದ ಅದೇ ಹ್ಯೂಮ್.

ಅದೇ ತಾರೀಖಿಗೆ ರಾಂಪುರದಲ್ಲಿರಬೇಕೆಂದು ಹೊರಟು, ಚಂಡೀಗಢದಿಂದ ಕಾಲ್ಕಾಕ್ಕೆ, ಅಲ್ಲಿಂದ ಪುಟ್ಟ ರೈಲಿನಲ್ಲಿ ಶಿಮ್ಲಾಕ್ಕೆ ಹತ್ತಿದೆ. ಜಾಖೂ ಗುಡ್ಡದ ಮೇಲೆ ರಾತ್ನಿ ಕ್ಯಾಸಲ್ ಎಂಬ ಮನೆಯಿದೆ. ಹ್ಯೂಮ್ ಇದ್ದದ್ದು ಅಲ್ಲಿ, ಅವನ ಹಕ್ಕಿಗಳಿದ್ದದ್ದೂ ಅಲ್ಲಿ. ಸುಮಾರು 82,000 ಹಕ್ಕಿಚರ್ಮ ಮತ್ತು ಮೊಟ್ಟೆಗಳು. ಹೊರಗಿನ ರಸ್ತೆಯಲ್ಲಿ ನಿಂತು ದೇವದಾರುಗಳ ಸಂದಿಯಿಂದ ನೋಡಿ ಬಂದೆ. ಮಂಗಗಳು ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಗೊಡಲಿಲ್ಲ. ಇಪ್ಪತ್ತೈದು ವರ್ಷದ ಟಿಪ್ಪಣಿಗಳನ್ನು ಸೇರಿಸಿ ಭಾರತದ ಹಕ್ಕಿಗಳ ಬಗ್ಗೆ ಒಂದು ಮಹಾಗ್ರಂಥ ಬರೆಯಬೇಕೆಂದು ಹ್ಯೂಮ್ ಕಟ್ಟಿಟ್ಟಿದ್ದ ಕಾಗದಗಳನ್ನು, 1880ರ ದಶಕದ ಆರಂಭದಲ್ಲಿ ಅವನು ಊರಲ್ಲಿಲ್ಲದಾಗ, ಒಬ್ಬ ಆಳು ಶಿಮ್ಲಾ ಬಜಾರಿನಲ್ಲಿ ರದ್ದಿಗೆ ತೂಕಕ್ಕೆ ಮಾರಿಬಿಟ್ಟ. ಯಾವ ಯಾವ ಅಂಗಡಿಯಲ್ಲಿ ಯಾರು ಯಾರು ಅದರಲ್ಲಿ ಜಿಲೇಬಿ ಕಟ್ಟಿಸಿಕೊಂಡರೋ. ಹ್ಯೂಮ್ ಹಕ್ಕಿಗಳ ಕೈಬಿಟ್ಟ. 1885ರಲ್ಲಿ ಇಡೀ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟ. ರಿಚರ್ಡ್ ಬೌಡ್ಲರ್ ಶಾರ್ಪ್ ಎಂಬ ಪಕ್ಷಿತಜ್ಞ ಲಂಡನ್ನಿನಿಂದ ಶಿಮ್ಲಾವರೆಗೆ ಬಂದು ನಿಂತು ಪ್ಯಾಕು ಮಾಡಿಸಿದ. ಆಗಿನ್ನೂ ಕಾಲ್ಕಾ-ಶಿಮ್ಲಾ ರೈಲು ಇರಲಿಲ್ಲ, ಅದು ಬಂದದ್ದು 1903ರಲ್ಲಿ. ರಾಂಪುರದ ಆ ಒಂಟಿ ಹಕ್ಕಿಯೂ ಪೆಟ್ಟಿಗೆಯೊಂದರಲ್ಲಿ ಮಲಗಿ ಬೆಟ್ಟ ಇಳಿದು ಹಡಗು ಹತ್ತಿತು. ಅದೇ 1885ರ ಡಿಸೆಂಬರಿನಲ್ಲಿ ಮುಂಬೈಯಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ. ಕಾಗದ ರದ್ದಿಗೆ ಹೋಗದಿದ್ದರೆ ಹ್ಯೂಮ್ ಬೇರೆ ಪಾಠದಲ್ಲಿ ಬರುತ್ತಿದ್ದನೋ ಏನೋ.

ಇನ್ನೊಂದು ಸಂಗತಿ ಬಸ್ಸಿನಲ್ಲಿ ಕೂತಾಗ ನೆನಪಾಗಿ ನಗು ಬಂತು. 1867ರಲ್ಲಿ ಹ್ಯೂಮನಿಗೆ ಸಿಕ್ಕ ಹೊಸ ಹುದ್ದೆ ಒಳನಾಡಿನ ಸುಂಕದ ಆಯುಕ್ತನದ್ದು. ಉಪ್ಪಿನ ಕಳ್ಳಸಾಗಣೆ ತಡೆಯಲು ಬ್ರಿಟಿಷರು ಪಂಜಾಬಿನಿಂದ ಮಧ್ಯಭಾರತದ ಬುರ್ಹಾನಪುರದ ಕಡೆಗೆ ನೂರಾರು ಮೈಲಿ ಉದ್ದಕ್ಕೂ ಬೇಲಿ ಬೆಳೆಸುತ್ತಿದ್ದರಲ್ಲ, ಅದರ ಯಜಮಾನಿಕೆ. ಜಾಲಿ, ಕವಳಿ, ಬೋರೆ, ಕಳ್ಳಿ ನೆಟ್ಟು ಮನುಷ್ಯ ದಾಟದಂಥ ಜೀವಂತ ಗೋಡೆ ಮಾಡಲು ಆತ ಮೂರು ವರ್ಷ ಹೆಣಗಿದ. ಬಡವನ ಉಪ್ಪಿಗೆ ತೆರಿಗೆ ಹಾಕಲು ಎಬ್ಬಿಸಿದ ಆ ಬೇಲಿಯನ್ನು ಕ್ಷಮಿಸಲಾರೆ. ಆದರೆ ಚಳಿಗಾಲದಲ್ಲಿ ಅದರೊಳಗೆ ಎಷ್ಟು ಸಾವಿರ ಬೇಲಿಹಕ್ಕಿಗಳು ಚಕ್ ಅನ್ನುತ್ತಿದ್ದಿರಬೇಕು ಎಂಬ ಯೋಚನೆ ನಾರ್ಕಂಡಾವರೆಗೆ ಜೊತೆಗಿತ್ತು.

ನಾರ್ಕಂಡಾ 2,700 ಮೀಟರು. ಅಲ್ಲಿಂದ ರಸ್ತೆ ಸುತ್ತಿ ಸುತ್ತಿ ಸಟ್ಲೆಜ್ ಮಟ್ಟಕ್ಕೆ ಇಳಿಯುತ್ತದೆ. ಸೇಬು ಮುಗಿದು ಬಾಳೆಗಿಡ ಶುರುವಾಗುತ್ತದೆ, ಸ್ವೆಟರ್ ಬಿಚ್ಚಬೇಕಾಗುತ್ತದೆ. ನೀರಥದ ಸೂರ್ಯ ದೇವಾಲಯ ಕಿಟಕಿಯಲ್ಲಿ ಬಂದು ಹೋಯಿತು. ಸಾವಿರ ಮೀಟರಿನ ಆಸುಪಾಸಿನಲ್ಲಿ ರಾಂಪುರ.

13ರ ಬೆಳಗ್ಗೆ ಆರಕ್ಕೆ ನದಿಗಿಳಿದೆ. ಸಟ್ಲೆಜ್ ಹಸಿರು ಬೂದಿ ಕಲಸಿದಂತೆ ಹರಿಯುತ್ತಿತ್ತು. ಮೇಲೆ ನಾಥ್‌ಪಾದಲ್ಲಿ ಅಡ್ಡಗಟ್ಟಿ, ಸುರಂಗದಲ್ಲಿ ನೂಕಿ, ಝಾಕ್ರಿಯಲ್ಲಿ 1,500 ಮೆಗಾವಾಟ್ ವಿದ್ಯುತ್ ಹಿಂಡುವ ನದಿ. ಹ್ಯೂಮ್ ಕಂಡ ನದಿ ಇದಲ್ಲ. ದಡದ ಪೊದೆಗಳನ್ನು ನೋಡಿ ಮಾತ್ರ ಊರಿಗೇ ಬಂದ ಹಾಗಾಯಿತು: ಆಡುಸೋಗೆ, ಅದರ ಮೇಲೆ ಹಬ್ಬಿದ ಲಂಟಾನ. ಎರಡೂವರೆ ಸಾವಿರ ಕಿಲೋಮೀಟರು ಬಂದು ನಮ್ಮ ಬೇಲಿಯ ಮುಂದೆಯೇ ನಿಂತಿದ್ದೆ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೂರು ಗಂಟೆ ಕಾದೆ. ನೀರಿನ ಕಲ್ಲುಗಳ ಮೇಲೆ ಬಿಳಿನೆತ್ತಿಯ ಕೆಂಬಾಲದ ಹಕ್ಕಿ ಬಾಲ ಕುಣಿಸುತ್ತಿತ್ತು. ಆಡುಸೋಗೆಯೊಳಗೆ ಏನೋ ಅಲುಗಿತು. ದುರ್ಬೀನು ಎತ್ತಿದರೆ ರೆಕ್ಕೆಯ ಮೇಲೆ ತಿಳಿ ಅಡ್ಡಗೆರೆ, ಹುಬ್ಬಿನ ಗೆರೆ, ಪುಟ್ಟ ಕೊಕ್ಕು. ಹ್ಯೂಮ್ಸ್ ಲೀಫ್ ವಾರ್ಬ್ಲರ್, ಹ್ಯೂಮನ ಹೆಸರನ್ನೇ ಹೊತ್ತ ಎಲೆ ಉಲಿಯಕ್ಕಿ! ಹ್ಯೂಮನ ಹೆಸರಿನ ಹಕ್ಕಿ ಸಿಕ್ಕಿತು, ಹ್ಯೂಮನ ಕೈಗೆ ಸಿಕ್ಕ ಹಕ್ಕಿ ಸಿಗಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಲಂಟಾನದ ಒಳಗಿನಿಂದ ಒಮ್ಮೆ, ಒಂದೇ ಒಂದು ಸಲ, ಚಕ್ ಅಂತ ಕೇಳಿತು. ಮೈ ಜುಮ್ಮೆಂದಿತು. ನಮ್ಮ ಬೇಲಿಹಕ್ಕಿಯ ಮುಖ್ಯ ದಂಡು ಅಷ್ಟರಲ್ಲಿ ದಕ್ಷಿಣಕ್ಕೆ ಬಂದುಬಿಟ್ಟಿರುತ್ತದೆ. ಹಿಂದುಳಿದ ಒಂದಿರಬಹುದೇ? ದಾಯಾದಿಯೇ? ಮತ್ತೆ ಸದ್ದಿಲ್ಲ. ಹನ್ನೊಂದಕ್ಕೆ ಮೇಳದ ಧ್ವನಿವರ್ಧಕ ಶುರುವಾಯಿತು.

ಸಿಕ್ಕಿದ್ದರೂ ನನಗೆ ಗುರುತಾಗುತ್ತಿತ್ತೇ ಎಂಬುದು ಬೇರೆಯೇ ಪ್ರಶ್ನೆ. ಈ ಎರಡು ಹಕ್ಕಿಗಳನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸವೆಲ್ಲ ಮಿಲಿಮೀಟರಿನ ಲೆಕ್ಕದ್ದು. ದಾಯಾದಿಯ ಕೊಕ್ಕು ಕೊಂಚ ಉದ್ದ, ಕೊಂಚ ದಪ್ಪ. ರೆಕ್ಕೆ ಗಿಡ್ಡ, ತುದಿ ಹೆಚ್ಚು ದುಂಡು. ಬಾಲ ಕೊಂಚ ಉದ್ದ, ಬಾಲದ ಗರಿಗಳ ತುದಿ ಹೆಚ್ಚು ಚೂಪು. ಉಗುರುಗಳು ದೊಡ್ಡವು, ಅದರಲ್ಲೂ ಹಿಂಬೆರಳಿನದು. ಬಣ್ಣದಲ್ಲಿ ಎರಡೂ ಒಂದೇ ಮಣ್ಣಿನ ಮಡಕೆಗಳು. ಕೈಯಲ್ಲಿ ಹಿಡಿದು, ರೆಕ್ಕೆ ಬಿಡಿಸಿ, ಗರಿಗಳನ್ನು ಒಂದೊಂದಾಗಿ ಎಣಿಸಿ, ಅಳತೆಪಟ್ಟಿ ಇಟ್ಟರೆ ತಿಳಿಯುತ್ತದೆ. ಪೊದೆಯಲ್ಲಿ ಎರಡು ಸೆಕೆಂಡು ಕಂಡು ಮರೆಯಾದದ್ದಕ್ಕೆ ಹೆಸರಿಡುವವನ ಧೈರ್ಯವನ್ನು ಮೆಚ್ಚಬೇಕು. ಅವನ ಪಟ್ಟಿಯನ್ನು ನಂಬಬಾರದು.

ಹ್ಯೂಮ್ ನಂಬಿದ್ದು ತನ್ನ ಅಳತೆಪಟ್ಟಿಯನ್ನು. ಒಂದೇ ಹಕ್ಕಿ ಕೈಯಲ್ಲಿಟ್ಟುಕೊಂಡು 1869ರಲ್ಲಿ ಇದು ಹೊಸ ಜಾತಿ ಎಂದು ಪ್ರಕಟಿಸಿದ, ದೊಡ್ಡಕೊಕ್ಕು ಎಂಬರ್ಥದ ಹೆಸರಿಟ್ಟ. ಆ ಹೆಸರು ಇನ್ನೊಂದು ಹಕ್ಕಿಗೆ ಆಗಲೇ ಹೋಗಿತ್ತಾದ್ದರಿಂದ 1905ರಲ್ಲಿ ಅಮೆರಿಕದ ಹ್ಯಾರಿ ಓಬರ್‌ಹೋಲ್ಸರ್ ಒರಿನಸ್ ಎಂದು ಬದಲಿಸಿದ, ಬೆಟ್ಟದ್ದು ಎಂಬ ಅರ್ಥದಲ್ಲಿ. ಎರಡನೆಯ ಹಕ್ಕಿ ಬರಲೇ ಇಲ್ಲ. ವರ್ಷಗಳು ಉರುಳಿದ ಹಾಗೆ ತಜ್ಞರಿಗೆ ಅನುಮಾನ ಹೆಚ್ಚಿತು. ಕೆಲವರು ಇದು ಜೊಂಡಿನಲ್ಲಿ ಚೀರುವ ದೊಡ್ಡ ಉಲಿಯಕ್ಕಿಯ ಒಂದು ಬಗೆ ಎಂದರು. ಕೆಲವರು ನಮ್ಮ ಬೇಲಿಹಕ್ಕಿಯೇ ಎಲ್ಲೋ ಅಳತೆ ತಪ್ಪಿ ಹುಟ್ಟಿದೆ ಎಂದರು. ಹ್ಯೂಮನ ಹಕ್ಕಿ ಇಂಗ್ಲೆಂಡಿನಲ್ಲಿ ಬೆನ್ನಡಿಯಾಗಿ ಮಲಗಿಯೇ ಇತ್ತು, ಕಾಲಿಗೆ ಚೀಟಿ ಕಟ್ಟಿಸಿಕೊಂಡು.

2002ರಲ್ಲಿ ಸ್ವೀಡನ್ನಿನ ಸ್ಟಾಫಾನ್ ಬೆನ್ಶ್ ಮತ್ತು ಇಂಗ್ಲೆಂಡಿನ ಡೇವಿಡ್ ಪಿಯರ್ಸನ್ ಆ ಒಣಗಿದ ಮೈಯಿಂದ ಒಂದಿಷ್ಟು ಡಿಎನ್‌ಎ ತೆಗೆದು ಓದಿದರು. ಹ್ಯೂಮ್ ಹೇಳಿದ್ದೇ ಸರಿ. ಇದು ಬೇರೆಯೇ ಜಾತಿ. ಹತ್ತಿರದ ನೆಂಟ ಬೇಲಿಹಕ್ಕಿ. ಮೋಟು ದುಂಡು ರೆಕ್ಕೆ ನೋಡಿ, ಇದು ಊರು ಬಿಟ್ಟು ಬಹಳ ದೂರ ಹೋಗುವ ಹಕ್ಕಿಯಲ್ಲ ಎಂದೂ ಅಂದಾಜು ಮಾಡಿದರು.

ಅಂದಾಜು ಉಳಿದದ್ದು ನಾಲ್ಕೇ ವರ್ಷ. 2006ರ ಮಾರ್ಚ್ 27ರಂದು ಫಿಲಿಪ್ ರೌಂಡ್ ಎಂಬ ಪಕ್ಷಿತಜ್ಞ ಥಾಯ್ಲೆಂಡಿನ ಲೇಮ್ ಫಾಕ್ ಬಿಯಾದಲ್ಲಿ ಬಲೆ ಕಟ್ಟಿ ಹಕ್ಕಿಗಳಿಗೆ ಉಂಗುರ ತೊಡಿಸುತ್ತಿದ್ದರು. ಜಾಗ ಯಾವುದು ಗೊತ್ತೇ? ಚರಂಡಿ ನೀರು ಶುದ್ಧೀಕರಿಸುವ ಕೇಂದ್ರ. ಬಲೆಯಲ್ಲಿ ಬಿದ್ದ ಒಂದು ಮಂಕು ಹಕ್ಕಿಯ ಕೊಕ್ಕು ಉದ್ದ, ರೆಕ್ಕೆ ಗಿಡ್ಡ. ಎಲ್ಲೋ ಲೆಕ್ಕ ತಾಳೆಯಾಗುತ್ತಿಲ್ಲ. ತಾನು ಹಿಡಿದಿರುವುದು ಏನಿರಬಹುದೆಂದು ಹೊಳೆದಾಗ ಜೀವಂತ ಡೋಡೋ ಹಿಡಿದಂತಾಯಿತೆಂದು ಅವರು ಆಮೇಲೆ ಹೇಳಿಕೊಂಡರು. ಎರಡು ಗರಿ ಬೆನ್ಶ್ ಅವರಿಗೆ ಹೋದವು, ಡಿಎನ್‌ಎ ಹೊಂದಿತು. 139 ವರ್ಷದ ಮೇಲೆ ಎರಡನೆಯ ಹಕ್ಕಿ, ಅದೂ ಹಿಮಾಲಯದಿಂದ ಅಷ್ಟು ದೂರ, ಕೊಳಚೆ ನೀರಿನ ಪಕ್ಕ.

ಈ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಮುಂದಿನದು. ಸುದ್ದಿ ಹರಡಿದ ಮೇಲೆ ಹ್ಯೂಮನ ಹಕ್ಕಿ ಮಲಗಿದ್ದ, ಇಂಗ್ಲೆಂಡಿನ ಟ್ರಿಂಗ್ ಊರಿನ ಸಂಗ್ರಹಾಲಯದಲ್ಲಿ ಬೇಲಿಹಕ್ಕಿಗಳ ಡ್ರಾಯರನ್ನು ಎಳೆದು ಮತ್ತೆ ನೋಡಿದರು. ಅದರೊಳಗೆ, ನಮ್ಮ ಬೇಲಿಹಕ್ಕಿಗಳ ಸಾಲಿನಲ್ಲಿ, ಬೇಲಿಹಕ್ಕಿಯ ಚೀಟಿ ಕಟ್ಟಿಕೊಂಡು ಇನ್ನೊಂದು ದಾಯಾದಿ ಮಲಗಿತ್ತು. ಅದೂ ಹತ್ತೊಂಬತ್ತನೇ ಶತಮಾನದಲ್ಲಿ ಭಾರತದಿಂದಲೇ ಹೋದದ್ದು. ಮತ್ತೆ ಬೇರೆ ಬೇರೆ ಸಂಗ್ರಹಾಲಯಗಳ ಡ್ರಾಯರುಗಳು ತೆರೆದವು. ಲಾರ್ಸ್ ಸ್ವೆನ್ಸನ್, ಪಮೇಲಾ ರಾಸ್ಮುಸೆನ್ ಮೊದಲಾದವರು 2008ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಹೊಸದಾಗಿ ಹತ್ತು. ಕೆಲವು ಆಫ್ಘಾನಿಸ್ತಾನದ ಬದಕ್ಷಾನಿನವು, 1930ರ ದಶಕದವು. ಕಾಡು ಮೇಡು ಅಲೆದು ಹುಡುಕುತ್ತಿದ್ದ ಹಕ್ಕಿ ಮನೆಯೊಳಗಿನ ಕಪಾಟಿನಲ್ಲಿತ್ತು. ಹಿಡಿದವರೂ ಇದ್ದರು, ಅಳೆಯಬಲ್ಲವರೂ ಇದ್ದರು. ಎಲ್ಲರಿಗೂ ಗೊತ್ತಿರುವ ಹಕ್ಕಿಯಾದ್ದರಿಂದ ಯಾರೂ ಎರಡನೆಯ ಸಲ ಅಳೆಯಲು ಹೋಗಲಿಲ್ಲ. ಸಾಮಾನ್ಯವಾದದ್ದರ ಹೆಸರು ಚೀಟಿಯ ಮೇಲೆ ಬಿದ್ದರೆ ಆಮೇಲೆ ಅದರ ಕಡೆ ಕಣ್ಣು ಹೋಗುವುದಿಲ್ಲ. ಅಮ್ಮನ ಅತ್ತೆಹಕ್ಕಿಯನ್ನು ನಾನು ಮೂವತ್ತು ವರ್ಷ ನೋಡದೆ ಕೇಳಿದ್ದೂ ಹೀಗೆಯೇ.

ದಾಯಾದಿಯ ಸಂಸಾರದ ಮನೆ ಕೊನೆಗೆ ಸಿಕ್ಕಿದ್ದು ವಖಾನ್‌ನಲ್ಲಿ, ಆಫ್ಘಾನಿಸ್ತಾನ ಪಾಮಿರಿನ ಕಡೆ ಬೆರಳು ಚಾಚಿದ ಆ ಕಿರಿದಾದ ಪಟ್ಟಿಯಲ್ಲಿ. 2008ರಲ್ಲಿ, ದೇಶದ ಉಳಿದ ಕಡೆ ಯುದ್ಧ ನಡೆಯುತ್ತಿರುವಾಗ, ರಾಬರ್ಟ್ ಟಿಮಿನ್ಸ್ ಅಲ್ಲಿ ಹಕ್ಕಿ ಸಮೀಕ್ಷೆ ಮಾಡುತ್ತ ಒಂದು ಹಾಡನ್ನು ಧ್ವನಿಮುದ್ರಿಸಿಕೊಂಡರು. ಮರುವರ್ಷ ಬಲೆ ಕಟ್ಟಿ ಇಪ್ಪತ್ತರಷ್ಟು ಹಕ್ಕಿ ಹಿಡಿದು ಬಿಟ್ಟರು, ಡಿಎನ್‌ಎ ನೋಡಿದರು. ಅದೇ ಹಕ್ಕಿ. ನದಿಯಂಚಿನ ವಿಲೋ, ಸೀಬಕ್‌ಥಾರ್ನ್ ಪೊದೆಗಳಲ್ಲಿ ಹಾಡುತ್ತ ಬದುಕು ಮಾಡಿಕೊಂಡಿತ್ತು. ಪಂಜ್ ನದಿಯ ಆಚೆ ದಡ, ತಾಜಿಕಿಸ್ತಾನದಲ್ಲೂ ಗೂಡು ಕಟ್ಟುವುದು ಖಚಿತವಾಯಿತು. ಅಲ್ಲಿಯ ಜನಕ್ಕೆ ಆ ಪೊದೆಗಳೇ ಸೌದೆ, ಅವೇ ಮೇವು.

ಇಷ್ಟಾದ ಮೇಲೆ 1867ರ ಆ ನವೆಂಬರಿನಲ್ಲಿ ರಾಂಪುರದಲ್ಲಿ ಹ್ಯೂಮನಿಗೆ ಸಿಕ್ಕ ಹಕ್ಕಿಯನ್ನು ಸಟ್ಲೆಜ್ ಹಕ್ಕಿ ಎನ್ನುವುದು ಕಷ್ಟ. ಪಾಮಿರಿನಿಂದ ಕೆಳಗಿಳಿಯುತ್ತಿದ್ದ ದಾರಿಹೋಕನೆಂದೇ ನನ್ನ ಎಣಿಕೆ. ಲವೀ ಮೇಳಕ್ಕೆ ಬರುವ ಕಿನ್ನೌರಿಯವನ ಹಾಗೆ ಹಾದುಹೋಗುತ್ತಿತ್ತು, ಸುಂಕದ ಸಾಹೇಬನ ಕಣ್ಣಿಗೆ ಬಿತ್ತು.

14ರ ಬೆಳಗ್ಗೆಯೂ ನದಿಗೆ ಹೋದೆ. ಏನೂ ಇಲ್ಲ. ಢಾಬಾದವರು ಕಂಡಿತಾ ಎಂದು ಕೇಳಿದರು. ಇಲ್ಲ ಅಂದೆ. ಅರ್ಧ ಕಿಲೋ ಚಿಲ್ಗೋಜಾ ಕಟ್ಟಿ, ದುಡ್ಡು ಸ್ವಲ್ಪ ಕಡಿಮೆ ಹಿಡಿದುಕೊಂಡರು. ಟಿಪ್ಪಣಿ ಪುಸ್ತಕದಲ್ಲಿ 13ರ ಪುಟದಲ್ಲಿ ಹೀಗಿದೆ: ಅಕ್ರೊಸೆಫಾಲಸ್, ಒಂದು, ಸದ್ದು ಮಾತ್ರ, ಜಾತಿ ಗೊತ್ತಾಗಲಿಲ್ಲ.

ಊರಿಗೆ ಬಂದ ಮರುದಿನ ಕೊತ್ತಂಬರಿ ಮಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತೆ. ಚಕ್. ಅಮ್ಮ ಈಗಿಲ್ಲ, ಅತ್ತೆಹಕ್ಕಿ ಇದೆ. ಅರ್ಧ ಗಂಟೆಗೆ ಅದು ದಾಸವಾಳದ ಬುಡದಿಂದ ಮೇಲೇರಿ, ಎಲೆಯ ಕೆಳಗಿನ ಹುಳ ತೆಗೆದು, ಮೈ ಬಾಳೆಕಾಯಿಯಂತೆ ಬಾಗಿಸಿ ಕೂತಿತು. ಈ ಸಲ ಕೊಕ್ಕು ನೋಡಿದೆ, ಹಿಂಬೆರಳು ನೋಡಿದೆ, ಬಾಲದ ತುದಿ ನೋಡಿದೆ. ಫಿನ್ಲೆಂಡಿನಿಂದ ಸೈಬೀರಿಯದವರೆಗೆ ಎಲ್ಲಿ ಬೇಕಾದರೂ ಹುಟ್ಟಿರಬಹುದಾದ ಹಕ್ಕಿ. ಅಲ್ಲಿ ಬೇಸಿಗೆಯ ಬೆಳಕಿನ ರಾತ್ರಿಗಳಲ್ಲಿ ಬೇರೆ ಹಕ್ಕಿಗಳ ದನಿ ಕದ್ದು ಗಂಟೆಗಟ್ಟಲೆ ಹಾಡುತ್ತದೆಯಂತೆ. ಅದರ ಹಾಡು ಕೇಳಲು ಜನ ನಿದ್ದೆಗೆಡುತ್ತಾರಂತೆ. ನಮಗೆ ಸಿಗುವುದು ವರ್ಷದ ಎಂಟು ತಿಂಗಳ ಲೊಚಗುಟ್ಟುವಿಕೆ. ಏಪ್ರಿಲ್‌ನಲ್ಲಿ ಹೊರಡುವ ಮುಂಚೆ, ನಸುಕಿನಲ್ಲಿ, ಗಂಟಲೊಳಗೇ ಗುನುಗುವ ಹಾಗೆ ಸಣ್ಣಗೆ ಹಾಡನ್ನು ಅಭ್ಯಾಸ ಮಾಡುತ್ತದೆ. ಬೇಲಿಗೆ ಕಿವಿ ಹಚ್ಚಿ ನಿಂತರೆ ಕೇಳುತ್ತದೆ.

ಒಂದು ತಪ್ಪೊಪ್ಪಿಗೆ ಬಾಕಿಯಿದೆ. ಕಿಟಕಿಗೆ ಹಕ್ಕಿ ಬಡಿಯುವುದಕ್ಕೆ ಎರಡು ವರ್ಷ ಮುಂಚೆ ರಸ್ತೆ ಬದಿಯ ಬೇಲಿ ಕೀಳಿಸಿ ಕಾಂಪೌಂಡು ಕಟ್ಟಿಸಿದವನು ನಾನೇ. ದನ ನುಗ್ಗುತ್ತವೆ, ಹಾವು ಬರುತ್ತದೆ, ಚೆನ್ನಾಗಿ ಕಾಣುತ್ತದೆ ಎಂದೆಲ್ಲ ಕಾರಣವಿತ್ತು. ಆ ಬದಿಯಿಂದ ಈಗ ಚಕ್ ಕೇಳುವುದಿಲ್ಲ. ಹಿತ್ತಲ ಬೇಲಿಯಲ್ಲಿ ಒಂದೇ ಹಕ್ಕಿ ಉಳಿದಿದೆ. ಚಳಿಗಾಲದಲ್ಲಿ ಅದು ತನ್ನ ತುಂಡು ಬೇಲಿಗೆ ಇನ್ನೊಂದನ್ನು ಬಿಟ್ಟುಕೊಳ್ಳುವುದಿಲ್ಲ, ಆದ್ದರಿಂದ ಬೇಲಿ ಎಷ್ಟು ಮಾರೋ ಹಕ್ಕಿ ಅಷ್ಟೇ.

ನಿಮ್ಮದು ಹೊಸ ಮನೆಯಾಗಿದ್ದು ಮೇಸ್ತ್ರಿ ಸೈಟಿನ ಸುತ್ತ ದಾರ ಕಟ್ಟಲು ನಾಳೆ ಬರುತ್ತಾನೆಂದರೆ, ಮೂರು ಬದಿಗೆ ಗೋಡೆ ಎಬ್ಬಿಸಿ, ಒಂದು ಬದಿ ಬಿಡಿ. ದಾಸವಾಳದ ಬೇಲಿಯಾದರೂ ನಡೆಯುತ್ತದೆ, ಒಂದು ಮಾರು ಅಗಲ ಇದ್ದರಾಯಿತು.